ನರ, ನಾಡಿ, ವಾಯು: ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆ ಪರಿಸರದಲ್ಲಿ ನರಮಂಡಲದ ಪದಾವಳಿಯ ಚರಿತ್ರೆ

ಸಾರಾಂಶ

ನರಮಂಡಲಕ್ಕೂ ಅದರ ರೋಗಗಳಿಗೂ ಕನ್ನಡದಲ್ಲಿ ಬಳಕೆಯಾಗುವ ಪದಗಳು ಒಂದೇ ಕಾಲದವಲ್ಲ, ಒಂದೇ ಮೂಲದವೂ ಅಲ್ಲ. ದ್ರಾವಿಡ, ಸಂಸ್ಕೃತ, ಅರಬ್ಬೀ, ಇಂಗ್ಲಿಷ್ ಪದರಗಳು ಇಲ್ಲಿ ಒಂದರ ಮೇಲೊಂದು ಕೂತಿವೆ. ದಕ್ಷಿಣ ಕನ್ನಡದ ಮೂರು ಊರುಗಳ ಪರಿಸರವನ್ನು ಆಧಾರವಾಗಿಟ್ಟುಕೊಂಡು ಈ ಪದರಗಳನ್ನು ನಾವು ಬಿಡಿಸಿ ನೋಡಿದ್ದೇವೆ. ಅಂಗನಾಮಗಳು ಶಾಲೆಯ ಪಠ್ಯದ ಮೂಲಕ ನೆಲೆಯೂರಿದರೆ, ರೋಗನಾಮಗಳು ಆಸ್ಪತ್ರೆಯ ಮೂಲಕ ಬಂದವು. ಇವೆರಡರ ನಡುವಣ ಬಿರುಕು ಇಂದು ರೋಗಿಯ ಪ್ರಮಾಣಪತ್ರದವರೆಗೂ ಚಾಚಿದೆ ಎಂಬುದು ನಮ್ಮ ವಾದ.

ಪ್ರಮುಖ ಪದಗಳು: ನರ, ನಾಡಿ, ಸ್ನಾಯು, ಪಾರ್ಶ್ವವಾಯು, ಲಕ್ವ, ಅರ್ಥಪಲ್ಲಟ, ಪರಿಭಾಷೆ

1. ‘ನರ’ ಶಬ್ದದ ವ್ಯಾಪ್ತಿ

‘ನರ’ ದ್ರಾವಿಡ ಮೂಲದ ಪದ. ತಮಿಳಿನ ‘ನರಂಬು’, ಮಲಯಾಳದ ‘ಞರಂಬು’, ತೆಲುಗಿನ ‘ನರಮು’ ಇದರ ಸಜಾತಿಗಳು. ತಮಿಳಿನಲ್ಲಿ ಈ ಪದಕ್ಕೆ ಕಂಡರ, ಬಿಲ್ಲಿನ ಹೆದೆ, ಯಾಳ್ ವಾದ್ಯದ ತಂತಿ ಎಂಬ ಅರ್ಥಗಳೂ ಇವೆ. ಹಾಗಾಗಿ ಮೂಲಾರ್ಥವು ‘ಮೈಯೊಳಗಿನ ಎಳೆ, ಬಿಗಿಯುವ ದಾರ’ ಎಂಬುದಕ್ಕೆ ಹತ್ತಿರವಾಗಿದ್ದಿರಬೇಕು. ಇಂದಿನ ಆಡುಗನ್ನಡದಲ್ಲಿಯೂ ಈ ವ್ಯಾಪ್ತಿ ಕುಗ್ಗಿಲ್ಲ. ಕೈಯ ಮೇಲೆ ಉಬ್ಬಿ ಕಾಣುವ ರಕ್ತನಾಳವೂ ‘ನರ’, ಸೂಜಿ ಚುಚ್ಚುವುದೂ ‘ನರಕ್ಕೆ’, ಕುತ್ತಿಗೆ ಹಿಡಿದುಕೊಂಡರೆ ಎಳೆದದ್ದೂ ‘ನರ’ವೇ. ಪಠ್ಯಪುಸ್ತಕದ ‘ನರ’ ಮಾತ್ರ ಸಂವೇದನೆಯನ್ನು ಒಯ್ಯುವ ತಂತುವಿಗೆ ಸೀಮಿತವಾಗಿದೆ.

ಇದನ್ನು ಕನ್ನಡದ ಕೊರತೆಯೆಂದು ಎಣಿಸುವವರುಂಟು. ಆದರೆ ಗ್ರೀಕಿನ ‘ನ್ಯೂರಾನ್’, ಲ್ಯಾಟಿನ್ನಿನ ‘ನರ್ವಸ್’ ಪದಗಳಿಗೂ ಮೊದಲಿಗೆ ಇದ್ದ ಅರ್ಥ ಕಂಡರ, ಹೆದೆ ಎಂಬುದೇ. ಕ್ರಿಸ್ತಪೂರ್ವ 3ನೆಯ ಶತಮಾನದಲ್ಲಿ ಅಲೆಕ್ಸಾಂಡ್ರಿಯದ ಹೆರೋಫಿಲಸ್ ಮತ್ತು ಎರಾಸಿಸ್ಟ್ರಾಟಸ್ ದೇಹಚ್ಛೇದನದಿಂದ ನರವನ್ನು ಕಂಡರದಿಂದ ಬೇರ್ಪಡಿಸಿದ ಮೇಲೆ ಹಳೆಯ ಪದಕ್ಕೆ ಹೊಸ ಅರ್ಥ ಒದಗಿತು. ಅಲ್ಲಿ ಬದಲಾದದ್ದು ತಿಳಿವಳಿಕೆ, ಪದವಲ್ಲ.

ಸಂಸ್ಕೃತದ ‘ಸ್ನಾಯು’ ಇದೇ ಜಾಡಿನ ಇನ್ನೊಂದು ಸಾಕ್ಷಿ. ಸುಶ್ರುತಸಂಹಿತೆಯ ಶಾರೀರಸ್ಥಾನವು 700 ಸಿರೆ, 24 ಧಮನಿ, 900 ಸ್ನಾಯುಗಳನ್ನು ಎಣಿಸುತ್ತದೆ; ಅಲ್ಲಿ ಸ್ನಾಯುವೆಂದರೆ ಕೀಲುಗಳನ್ನು ಬಿಗಿಯುವ ಕಟ್ಟು. ಈ ಪದ ಬಂಗಾಳಿಯಲ್ಲಿ ನರವಾಯಿತು, ಕನ್ನಡ ಮತ್ತು ಮರಾಠಿಗಳಲ್ಲಿ ಮಾಂಸಖಂಡವಾಯಿತು, ಮಲಯಾಳದಲ್ಲಿ ಅಸ್ಥಿರಜ್ಜುವಾಗಿ ಉಳಿಯಿತು. ಸಂಸ್ಕೃತ ಪದವನ್ನು ಆರಿಸಿಕೊಂಡರೆ ಭಾರತೀಯ ಭಾಷೆಗಳಿಗೆಲ್ಲ ಏಕರೂಪದ ಪರಿಭಾಷೆ ದೊರೆಯುತ್ತದೆ ಎಂಬ ನಂಬಿಕೆಯನ್ನು ಈ ಒಂದು ಪದವೇ ಅಲುಗಿಸುತ್ತದೆ.

2. ಮೂಡುಬಿದಿರೆ: ಓಲೆಗರಿಯ ಪದರ

ಕನ್ನಡ ವೈದ್ಯಸಾಹಿತ್ಯದ ಆರಂಭಿಕ ಕರ್ತೃಗಳಲ್ಲಿ ಜೈನರು ಪ್ರಮುಖರು. ಕೀರ್ತಿವರ್ಮನ ‘ಗೋವೈದ್ಯ’, ಜಗದ್ದಳ ಸೋಮನಾಥನ ‘ಕರ್ಣಾಟಕ ಕಲ್ಯಾಣಕಾರಕ’, ದೇವೇಂದ್ರಮುನಿಯ ‘ಬಾಲಗ್ರಹಚಿಕಿತ್ಸೆ’, ಮಂಗರಾಜನ ‘ಖಗೇಂದ್ರಮಣಿದರ್ಪಣ’ 12ರಿಂದ 14ನೆಯ ಶತಮಾನದೊಳಗಿನ ಕೃತಿಗಳೆಂದು ಗಣನೆಗೊಂಡಿವೆ. ಇಂಥ ಜ್ಞಾನಪರಂಪರೆಯನ್ನು ಕಾಪಾಡಿದ ನೆಲೆಗಳಲ್ಲಿ ಮೂಡುಬಿದಿರೆಯ ಭಂಡಾರಗಳು ಹಿರಿಯವು. ಕೆ. ಭುಜಬಲಿ ಶಾಸ್ತ್ರಿಯವರ ‘ಕನ್ನಡ ಪ್ರಾಂತೀಯ ತಾಡಪತ್ರೀಯ ಗ್ರಂಥಸೂಚಿ’ (1948) ಅಲ್ಲಿಯ ಓಲೆಗರಿಗಳನ್ನು ವಿದ್ವತ್ ಲೋಕಕ್ಕೆ ಪರಿಚಯಿಸಿತು.

ಈ ಪರಂಪರೆಯಲ್ಲಿ ನರಮಂಡಲವೆಂಬ ಒಂದು ವ್ಯೂಹದ ಕಲ್ಪನೆಯಿಲ್ಲ. ಇರುವುದು ದೋಷದ ಕಲ್ಪನೆ. ಚರಕನು ಎಣಿಸುವ 80 ವಾತವ್ಯಾಧಿಗಳಲ್ಲಿ ಇಂದು ನಾವು ನರರೋಗವೆನ್ನುವ ಹಲವು ಸೇರಿವೆ. ‘ಪಾರ್ಶ್ವವಾಯು’, ‘ಧನುರ್ವಾಯು’, ‘ಕಂಪವಾತ’ ಪದಗಳಲ್ಲಿ ಉತ್ತರಪದ ಕಾರಣವನ್ನು ಹೇಳುತ್ತದೆ, ಪೂರ್ವಪದ ಕಣ್ಣಿಗೆ ಕಾಣುವ ಲಕ್ಷಣವನ್ನು: ಒಂದು ಮಗ್ಗುಲು, ಬಿಲ್ಲಿನಂತೆ ಬಾಗಿದ ಮೈ, ನಡುಕ. ವಾತಸಿದ್ಧಾಂತವನ್ನು ಒಪ್ಪದ ವೈದ್ಯರೂ ಇವನ್ನು ಬಳಸುತ್ತಾರೆ. ಉತ್ತರಪದ ಬರಿಯ ರೋಗಸೂಚಕ ಪ್ರತ್ಯಯದಂತಾಗಿದೆ. ‘ಅಪಸ್ಮಾರ’ದ ಜಾಡು ಬೇರೆ. ಅದು ಸ್ಮೃತಿಯ ಅಳಿವನ್ನು ಹೆಸರಿಸುತ್ತದೆ. ಸುಶ್ರುತನ ಬಾಲಗ್ರಹಗಳ ಪಟ್ಟಿಯಲ್ಲಿರುವ ‘ಸ್ಕಂದಾಪಸ್ಮಾರ’ವು ಮಕ್ಕಳ ಸೆಳವನ್ನು ಗ್ರಹದ ಹಿಡಿತವಾಗಿ ಕಂಡ ದೃಷ್ಟಿಗೆ ಸಾಕ್ಷಿ. ಸನ್ನಿಪಾತದಿಂದ ಸವೆದು ಬಂದ ‘ಸನ್ನಿ’ಯೂ ಇಂದು ‘ಹಿಡಿಯು’ ಎಂಬ ಕ್ರಿಯಾಪದವನ್ನೇ ಬಯಸುತ್ತದೆ.

‘ಲಕ್ವ’ದ ಕಥೆ ಇನ್ನೂ ಸ್ವಾರಸ್ಯಕರ. ಅರಬ್ಬೀ ವೈದ್ಯದಲ್ಲಿ ‘ಲಕ್ವ’ ಎಂದರೆ ಮುಖದ ಒಂದು ಭಾಗ ಸೊಟ್ಟಗಾಗುವುದು, ಎಂದರೆ ಆಯುರ್ವೇದದ ‘ಅರ್ದಿತ’. ಅರೆಮೈಯ ಸ್ವಾಧೀನ ತಪ್ಪುವುದಕ್ಕೆ ಅಲ್ಲಿ ‘ಫಾಲಿಜ್’ ಎಂಬ ಬೇರೆ ಪದವಿದೆ. ಭಾರತೀಯ ಭಾಷೆಗಳಿಗೆ ಬರುವಾಗ ‘ಲಕ್ವ’ ಮುಖದಿಂದ ಇಡೀ ಮೈಗೆ ಹಬ್ಬಿತು. ಕನ್ನಡವು ಈ ವಿಸ್ತೃತ ಅರ್ಥವನ್ನೇ ಪಡೆದುಕೊಂಡಿತು.

3. ಬಂಟ್ವಾಳ: ಗಡಿಯ ಪದರ

ಬಂಟ್ವಾಳ ತಾಲೂಕಿನ ವಿಟ್ಲ ಸೀಮೆಗೆ ಕಾಸರಗೋಡು ಹೊಂದಿಕೊಂಡಿದೆ. 1956ರವರೆಗೆ ಇವೆರಡೂ ಮದರಾಸು ಆಡಳಿತದ ದಕ್ಷಿಣ ಕನ್ನಡ ಜಿಲ್ಲೆಯಲ್ಲಿದ್ದವು. ಆ ಬಳಿಕ ಗಡಿಯ ಒಂದು ಬದಿಯ ಆಸ್ಪತ್ರೆ, ಕಚೇರಿಗಳು ಕನ್ನಡ ಪರಿಭಾಷೆಗೂ ಇನ್ನೊಂದು ಬದಿಯವು ಮಲಯಾಳ ಪರಿಭಾಷೆಗೂ ಒಳಪಟ್ಟವು. ಪರಿಣಾಮ ‘ನಾಡಿ’ ಪದದಲ್ಲಿ ಸ್ಪಷ್ಟ. ಕನ್ನಡದಲ್ಲಿ ನಾಡಿಯೆಂದರೆ ಮಣಿಕಟ್ಟಿನ ಮಿಡಿತ. ಶಾರ್ಙ್ಗಧರಸಂಹಿತೆಯ ಕಾಲದಿಂದ ಪ್ರಚಾರಕ್ಕೆ ಬಂದ ನಾಡೀಪರೀಕ್ಷೆ ಈ ಅರ್ಥವನ್ನು ಗಟ್ಟಿಗೊಳಿಸಿತು. ಮಲಯಾಳದಲ್ಲಿ ‘ನಾಡಿ’ ನರವನ್ನೂ ಹೇಳುತ್ತದೆ, ‘ನಾಡೀವ್ಯೂಹಂ’ ಎಂದರೆ ನರಮಂಡಲ. ಗಡಿಯ ಎರಡೂ ಬದಿಗಳಲ್ಲಿ ಚಿಕಿತ್ಸೆ ಪಡೆಯುವ ಕನ್ನಡಿಗ ಕುಟುಂಬಕ್ಕೆ ಒಂದೇ ರೂಪದ ಪದ ಎರಡು ಅರ್ಥಗಳಲ್ಲಿ ಎದುರಾಗುತ್ತದೆ.

ಮನೆಯಲ್ಲಿ ತುಳು, ಬ್ಯಾರಿ, ಕೊಂಕಣಿ ಆಡುವವರಿಗೆ ಕನ್ನಡವು ಶಾಲೆಯ ಭಾಷೆ. ಮಂಗಳೂರಿನ ಬಾಸೆಲ್ ಮಿಷನ್ ಪ್ರಕಟಿಸಿದ ಮೆನ್ನರ್ ಅವರ ತುಳು ನಿಘಂಟು (1886) ಮತ್ತು ಕಿಟೆಲ್ ನಿಘಂಟು (1894) ಈ ಭಾಷೆಗಳ ದೇಹಪದಗಳನ್ನು ಇಂಗ್ಲಿಷಿನ ಎದುರಿಗೆ ನಿಲ್ಲಿಸಿದವು. ಆದರೆ ತುಳುವಿನ ‘ಮಂಡೆಬೆಚ್ಚ’ದಂಥ ಪದ ಯಾವ ರೋಗನಾಮಕ್ಕೂ ಸರಿಹೊಂದದು. ತಲೆಯ ಬಿಸಿಯೆಂಬ ರೂಪಕದಲ್ಲಿ ಅದು ಚಿಂತೆ, ಕಿರಿಕಿರಿಗಳನ್ನು ಒಟ್ಟಿಗೆ ಹೇಳುತ್ತದೆ.

4. ಪಠ್ಯ ಮತ್ತು ಆಸ್ಪತ್ರೆ

20ನೆಯ ಶತಮಾನದಲ್ಲಿ ವಿಜ್ಞಾನ ಲೇಖಕರು ಪರಿಭಾಷೆಯನ್ನು ಹೊಸದಾಗಿ ಕಟ್ಟಿದರು. ಬೆಂಗಳೂರಿನ ‘ವಿಜ್ಞಾನ’ ಪತ್ರಿಕೆ (1918), ಪುತ್ತೂರಿನಲ್ಲಿ ನೆಲೆಸಿದ್ದ ಶಿವರಾಮ ಕಾರಂತರ ‘ಬಾಲಪ್ರಪಂಚ’ ಹಾಗೂ ‘ವಿಜ್ಞಾನ ಪ್ರಪಂಚ’, ಮೈಸೂರು ವಿಶ್ವವಿದ್ಯಾನಿಲಯದ ಇಂಗ್ಲಿಷ್–ಕನ್ನಡ ನಿಘಂಟು (1946), ಡಾ. ಡಿ. ಎಸ್. ಶಿವಪ್ಪನವರ ವೈದ್ಯಪದ ವಿವೇಚನೆ ಈ ದಾರಿಯ ಮೈಲಿಗಲ್ಲುಗಳು. ‘ಮಿದುಳು’ ಮೊದಲೇ ಇತ್ತು. ‘ಬೆನ್ನುಹುರಿ’, ‘ನರಕೋಶ’, ‘ಮುಮ್ಮೆದುಳು’, ‘ಹಿಮ್ಮೆದುಳು’ ಪಠ್ಯಗಳ ಮೂಲಕ ಸಹಜವಾಗಿ ಬೇರೂರಿದವು.

ರೋಗನಾಮಗಳಿಗೆ ಈ ಭಾಗ್ಯ ಒದಗಲಿಲ್ಲ. ರೋಗಿ ಅವನ್ನು ಕಲಿಯುವುದು ತರಗತಿಯಲ್ಲಲ್ಲ, ವೈದ್ಯರ ಎದುರಿನಲ್ಲಿ. ಆದ್ದರಿಂದ ‘ಸ್ಟ್ರೋಕ್’, ‘ಫಿಟ್ಸ್’ ಗೆದ್ದವು. ಇಂಗ್ಲಿಷಿನ ಬಹುವಚನ ರೂಪವಾದ ‘ಫಿಟ್ಸ್’ ಕನ್ನಡದಲ್ಲಿ ಏಕವಚನ: ‘ಫಿಟ್ಸ್ ಬಂತು’. ಈ ಎರವಲಿಗೆ ಒಂದು ಸಾಮಾಜಿಕ ಲಾಭವೂ ಇದೆ. ‘ಅಪಸ್ಮಾರ’ಕ್ಕೆ ಅಂಟಿದ ಗ್ರಹದ ನೆರಳು ಇದಕ್ಕಿಲ್ಲ.

5. ಬೆಳ್ತಂಗಡಿ: ಹೆಸರಿನ ಬೆಲೆ

ಸೊರಬ ತಾಲೂಕಿನ ಕ್ಯಾಸನೂರು ಕಾಡಿನಲ್ಲಿ 1957ರಲ್ಲಿ ಗುರುತಿಸಲ್ಪಟ್ಟ ರೋಗ 1980ರ ದಶಕದ ಆರಂಭದಲ್ಲಿ ಬೆಳ್ತಂಗಡಿಯ ಕಾಡಂಚಿನಲ್ಲಿ ಉಲ್ಬಣಿಸಿತು. ‘ಮಂಗನ ಕಾಯಿಲೆ’ ಎಂಬ ಹೆಸರು ಸಾಯುವ ಪ್ರಾಣಿಯನ್ನು ಹೇಳುತ್ತದೆ. ರೋಗ ಹರಡುವ ಉಣ್ಣಿಯನ್ನಾಗಲಿ, ಕೆಲವರಲ್ಲಿ ಎರಡನೆಯ ಹಂತದಲ್ಲಿ ಮಿದುಳನ್ನು ಬಾಧಿಸುವುದನ್ನಾಗಲಿ ಹೇಳುವುದಿಲ್ಲ. ಆದರೂ ಸತ್ತ ಮಂಗವನ್ನು ಕಂಡೊಡನೆ ಎಚ್ಚರಗೊಳ್ಳಲು ಆ ಹೆಸರು ನೆರವಾಗುತ್ತದೆ.

ಅದೇ ತಾಲೂಕಿನ ಕೊಕ್ಕಡ, ಪಟ್ರಮೆ, ನಿಡ್ಲೆ ಗ್ರಾಮಗಳಲ್ಲಿ ಗೇರುತೋಟಗಳಿಗೆ ಎಂಡೋಸಲ್ಫಾನ್ ಸಿಂಪಡಿಸಲಾಗಿತ್ತು. ಅಲ್ಲಿ ಸಂತ್ರಸ್ತರೆಂದು ಗುರುತಿಸಲಾದ ಮಕ್ಕಳ ಕಾಗದಪತ್ರಗಳಂಥ ಕಡೆಗಳಲ್ಲಿ ಪದದ ಆಯ್ಕೆ ಬರಿಯ ಶೈಲಿಯ ಪ್ರಶ್ನೆಯಾಗಿ ಉಳಿಯುವುದಿಲ್ಲ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ 21 ಬಗೆಯ ವೈಕಲ್ಯಗಳನ್ನು ಪಟ್ಟಿ ಮಾಡಿದೆ. ಅವುಗಳಲ್ಲಿ ಸೆರೆಬ್ರಲ್ ಪಾಲ್ಸಿಯೂ ಒಂದು. ಅದಕ್ಕೆ ಕನ್ನಡದಲ್ಲಿ ‘ಮೆದುಳಿನ ಪಾರ್ಶ್ವವಾಯು’ ಎಂಬ ಅನುವಾದ ಬಳಕೆಯಲ್ಲಿದೆ. ಆದರೆ ‘ಪಾರ್ಶ್ವವಾಯು’ ಎಂದೊಡನೆ ಓದುಗನ ಮನಸ್ಸಿಗೆ ಬರುವುದು ವಯಸ್ಕರಿಗೆ ಹಠಾತ್ತನೆ ಬಡಿದು ಮೈಯ ಒಂದು ಮಗ್ಗುಲನ್ನು ಕೆಡಿಸುವ ರೋಗ. ಸೆರೆಬ್ರಲ್ ಪಾಲ್ಸಿ ಮಿದುಳಿನ ಬೆಳವಣಿಗೆಯ ಕಾಲದಲ್ಲಿಯೇ ಉಂಟಾಗುವ ಹಾನಿ. ಅದು ಒಂದೇ ಮಗ್ಗುಲಿಗೆ ಸೀಮಿತವಾಗಿರಬೇಕೆಂದಿಲ್ಲ. ಪ್ರಮಾಣಪತ್ರವನ್ನು ಓದುವ ತಾಯಿಗೆ ಈ ಪದ ಮಗುವಿನ ಸ್ಥಿತಿಯನ್ನು ತಪ್ಪಾಗಿ ತಿಳಿಸುತ್ತದೆ.

6. ಉಪಸಂಹಾರ

ಈ ಚರಿತ್ರೆಯಿಂದ ಪರಿಭಾಷೆಗೆ ಎರಡು ಸೂಚನೆಗಳು ದೊರೆಯುತ್ತವೆ. ‘ನರ’ವನ್ನು ಕೈಬಿಡುವ ಅಗತ್ಯವಿಲ್ಲ, ಸಂದಿಗ್ಧವಿರುವಲ್ಲಿ ‘ರಕ್ತನಾಳ’, ‘ನರತಂತು’ ಎಂದು ಬಿಡಿಸಿ ಹೇಳಿದರೆ ಸಾಕು. ರೋಗನಾಮಗಳಲ್ಲಿ ಹಳೆಯ ಸಮಾಸಗಳನ್ನು ಹೊಸ ರೋಗಗಳಿಗೆ ಹಚ್ಚುವ ಮುನ್ನ ಅವುಗಳ ಪೂರ್ವಪದ ಇನ್ನೂ ಜೀವಂತವೇ ಎಂದು ಪರೀಕ್ಷಿಸಬೇಕು. ‘ಪಾರ್ಶ್ವವಾಯು’ವಿನಲ್ಲಿ ‘ವಾಯು’ ಸವೆದಿದೆ, ‘ಪಾರ್ಶ್ವ’ ಸವೆದಿಲ್ಲ. ತೊಡಕು ಹುಟ್ಟುವುದು ಅಲ್ಲಿಯೇ. ಸೆರೆಬ್ರಲ್ ಪಾಲ್ಸಿಯನ್ನು ಎರವಲಾಗಿಯೇ ಉಳಿಸಿಕೊಂಡು, ಜೊತೆಗೆ ಒಂದು ವಾಕ್ಯದ ಕನ್ನಡ ವಿವರಣೆಯನ್ನು ಕೊಡುವುದು ಸದ್ಯಕ್ಕೆ ಹೆಚ್ಚು ಪ್ರಾಮಾಣಿಕವಾದ ಮಾರ್ಗವೆಂದು ನಾವು ಭಾವಿಸುತ್ತೇವೆ.