ಅಫೀಮಿನ ಅಂಗಡಿಯಿಂದ ನಿದ್ದೆ ಮಾತ್ರೆಯವರೆಗೆ

ಅಮಲಿನ ಕುರಿತು ಜುಮಾ ಖುತ್ಬಾ ಕೇಳುವಾಗ ನಮ್ಮ ಮನಸ್ಸು ಸೇಂದಿ ಅಂಗಡಿಯ ಕಡೆಗೆ ಹೋಗುತ್ತದೆ. ಸಂತಪುರ, ಔರಾದ, ಭಾಲ್ಕಿಯ ಮೆಡಿಕಲ್ ಅಂಗಡಿಗಳ ಕಡೆಗೆ ಹೋಗುವುದಿಲ್ಲ. ಆದರೆ ಪರವಾನಗಿಯೊಂದಿಗೆ ಅಮಲಿನ ವಸ್ತು ಮಾರುವುದು ನಮ್ಮ ಸೀಮೆಗೆ ಹೊಸತಲ್ಲ.

ಬೀದರ ಜಿಲ್ಲೆ 1956ರವರೆಗೆ ಹೈದರಾಬಾದ್ ರಾಜ್ಯದಲ್ಲಿತ್ತು. ನಿಜಾಮರ ಕಾಲದಲ್ಲಿ ಸೇಂದಿ, ಸಾರಾಯಿ, ಅಫೀಮು, ಗಾಂಜಾ ಎಲ್ಲವೂ ಅಬಕಾರಿ ಇಲಾಖೆಯ ಕೈಯಲ್ಲಿದ್ದವು. ಅಬಕಾರಿ ರಾಜ್ಯದ ದೊಡ್ಡ ಆದಾಯಗಳಲ್ಲೊಂದು. ಪರವಾನಗಿ ಬೊಕ್ಕಸವನ್ನು ಕಾಯುತ್ತಿತ್ತೇ ಹೊರತು ಗಿರಾಕಿಯನ್ನಲ್ಲ. ಕೂಲಿಗೆ ಹೋಗುವ ತಾಯಂದಿರು ಕೂಸಿಗೆ ಚೂರು ಅಫೀಮು ಕೊಟ್ಟು ಮಲಗಿಸುವ ರೂಢಿ ದೇಶದ ಹಲವು ಕಡೆ ಇತ್ತು. ಚಿಕಿತ್ಸೆಗಲ್ಲದ ಅಫೀಮು ಮಾರಾಟವನ್ನು ಹತ್ತು ವರ್ಷಗಳಲ್ಲಿ ನಿಲ್ಲಿಸಬೇಕೆಂದು 1949ರಲ್ಲಿ ತೀರ್ಮಾನವಾಯಿತು. 1985ರಲ್ಲಿ ಮಾದಕವಸ್ತುಗಳ ಕಠಿಣ ಕಾನೂನು ಬಂತು.

ಅಫೀಮಿನ ಅಂಗಡಿ ಹೋಯಿತು, ಮಾತ್ರೆ ಬಂತು. 2015ರಲ್ಲಿ ನಿಜಾಮಾಬಾದ್ ಕಡೆ ಕಲಬೆರಕೆ ಸೇಂದಿಗೆ ಕಡಿವಾಣ ಬಿದ್ದಾಗ, ಕುಡಿಯುತ್ತಿದ್ದವರು ನಡುಕ, ಫಿಟ್ಸ್, ಭ್ರಮೆಯಿಂದ ಆಸ್ಪತ್ರೆ ಸೇರಿದರು. ಸೇಂದಿಗೆ ಬೆರೆಸುತ್ತಿದ್ದ ಅಲ್ಪ್ರಾಜೋಲಮ್, ಡಯಾಜೆಪಾಮ್‌ಗಳೇ ವೈದ್ಯರ ಚೀಟಿಯ ಮೇಲೆ ಮೆಡಿಕಲ್ ಅಂಗಡಿಯಲ್ಲೂ ಸಿಗುತ್ತವೆ. 2014ರ ಮಾರ್ಚ್‌ನಿಂದ ಇಂಥ ಔಷಧಗಳು ಎಚ್-1 ಪಟ್ಟಿಯಲ್ಲಿವೆ. ಕೊಡೀನ್, ಟ್ರಮಡಾಲ್ ಕೂಡ ಆ ಪಟ್ಟಿಗೆ ಸೇರಿದವು. ಅಂಗಡಿಯವರು ರೋಗಿಯ, ವೈದ್ಯರ ಹೆಸರು ಮತ್ತು ಕೊಟ್ಟ ಪ್ರಮಾಣವನ್ನು ದಾಖಲೆ ಪುಸ್ತಕದಲ್ಲಿ ಬರೆದು ಮೂರು ವರ್ಷ ಇಟ್ಟುಕೊಳ್ಳಬೇಕು. ಪೊಟ್ಟಣದ ಮೇಲೆ ಕೆಂಪು ಗೆರೆಯ ಚೌಕದಲ್ಲಿ ಎಚ್ಚರಿಕೆ ಇರಬೇಕು. ಆದರೆ ಅದು ಸಾಮಾನ್ಯವಾಗಿ ಇಂಗ್ಲಿಷಿನಲ್ಲಿ, ಸಣ್ಣ ಅಕ್ಷರದಲ್ಲಿ ಇರುತ್ತದೆ. ನಮ್ಮ ಮನೆಯ ಹಿರಿಯರು ಅದನ್ನು ಓದುವುದು ಹೇಗೆ?

ಪ್ರವಾದಿವರ್ಯರು(ಸ) ಸಂತೆಯಲ್ಲಿ ಧಾನ್ಯದ ರಾಶಿಯೊಳಗೆ ಕೈಹಾಕಿ, ಒಳಗಿದ್ದ ತೇವವನ್ನು ಕಂಡು, ಅದನ್ನು ಜನರಿಗೆ ಕಾಣುವಂತೆ ಮೇಲಿಡಬಾರದಿತ್ತೇ ಎಂದು ಕೇಳಿದ ಘಟನೆ ನಮಗೆಲ್ಲ ಗೊತ್ತು. ಇದೇ ದಾರಿಯಲ್ಲಿ ಮುಸ್ಲಿಂ ನಗರಗಳಲ್ಲಿ ಮುಹ್ತಸಿಬರು ಸಂತೆ ಕಾಯ್ದರು. 12ನೇ ಶತಮಾನದಲ್ಲಿ ಸಿರಿಯಾದ ಶೈಝರಿ ಅವರಿಗಾಗಿ ಬರೆದ ಕೈಪಿಡಿಯಲ್ಲಿ ಔಷಧ ಮಾರುವವರ ಕಲಬೆರಕೆಗೂ ಜಾಗವಿದೆ. ಸರಕಿನ ಅಪಾಯವನ್ನು ಹೇಳಿ ಮಾರುವುದು ನಮಗೆ ಹಳೆಯ ಪಾಠ.

ತಪ್ಪು ಮಾರುವವರದ್ದು ಮಾತ್ರವೇ? ಹಳೆಯ ಚೀಟಿ ಕೊಟ್ಟು, ಅಮ್ಮಿಯ ನಿದ್ದೆ ಮಾತ್ರೆ ತರಲು ಮಗುವನ್ನು ಕಳಿಸಿದವರು ನಾವೇ. ಔಷಧವಾದ್ದರಿಂದ ಎಷ್ಟು ತಿಂದರೂ ಹಲಾಲ್ ಎಂದುಕೊಂಡವರೂ ನಾವೇ. ಅಗತ್ಯಕ್ಕೆ ಸಿಕ್ಕ ಅನುಮತಿ ಅಗತ್ಯದಷ್ಟಕ್ಕೇ ಸೀಮಿತ. ಹಾಗೆಂದು ಹೆದರಿ ಒಮ್ಮೆಲೇ ಬಿಡುವುದೂ ಅಪಾಯ. ವೈದ್ಯರ ಸಲಹೆಯಂತೆ ನಿಧಾನವಾಗಿ ಕಡಿಮೆ ಮಾಡಬೇಕು. ನಿದ್ದೆ ಮಾತ್ರೆಯ ಜೊತೆ ಕೊಡೀನ್ ಸಿರಪ್ ಅಥವಾ ಮದ್ಯ ಸೇರಿದರೆ ಉಸಿರೇ ನಿಲ್ಲಬಹುದು.

ಈ ವಾರ ಮನೆಯ ಔಷಧಿ ಡಬ್ಬಿ ತೆರೆಯೋಣ. ಕೆಂಪು ಚೌಕವಿರುವ ಪೊಟ್ಟಣವನ್ನು ಮಕ್ಕಳ ಕೈಗೆ ಸಿಗದಂತೆ ಎತ್ತಿಡೋಣ, ಅದರಲ್ಲಿ ಬರೆದದ್ದನ್ನು ಓದಬಲ್ಲವರಿಂದ ಓದಿಸಿ ಅಮ್ಮಿ-ಅಬ್ಬಾರಿಗೆ ಹೇಳೋಣ.