ಕರ್ನೂಲಿನ ಕಾಲುವೆ: ಲಾಭ ಕಂಪನಿಗೆ, ನಷ್ಟ ಯಾರಿಗೆ?

ಶುಕ್ರವಾರ ರಾತ್ರಿ ಹೈದರಾಬಾದಿನಿಂದ ಬೆಂಗಳೂರಿಗೆ ಬಸ್ ಹತ್ತುವವರಿಗೆಲ್ಲ ಕರ್ನೂಲು ಗೊತ್ತು. ನಡುರಾತ್ರಿ ಕಳೆದ ಮೇಲೆ ಒಂದು ಸೇತುವೆ ಬರುತ್ತೆ. ಕೆಳಗೆ ಹರಿಯೋದು ನಮ್ಮ ತುಂಗಭದ್ರೆ. ಎಷ್ಟೋ ವರ್ಷ ನಾನು ಅದನ್ನ ನಿದ್ದೆಯಲ್ಲೇ ದಾಟಿದ್ದೇನೆ. ಒಮ್ಮೆ ಹಗಲಲ್ಲಿ ಊರೊಳಗೆ ಇಳಿದಾಗ ಒಂದು ಕಾಲುವೆ ಕಂಡಿತು. ಜನ ಅದನ್ನ ಕೆ.ಸಿ. ಕೆನಾಲ್ ಅಂತಾರೆ, ಅಂದ್ರೆ ಕರ್ನೂಲು-ಕಡಪಾ ಕಾಲುವೆ. ಅದನ್ನ ಕಟ್ಟಿದ್ದು ಸರ್ಕಾರ ಅಲ್ಲ, ಲಂಡನ್ನಿನ ಒಂದು ಕಂಪನಿ ಅಂತ ಆಮೇಲೆ ಓದಿದಾಗ ಆಶ್ಚರ್ಯ ಆಯ್ತು. ಇವತ್ತು ಆ ಕಥೆಯನ್ನೇ ಹೇಳ್ತೀನಿ.

ಹೈದರಾಬಾದಿನ ಟ್ಯಾಂಕ್ ಬಂಡ್ ಮೇಲೆ ಆರ್ಥರ್ ಕಾಟನ್ ಪ್ರತಿಮೆ ನೋಡಿರುತ್ತೀರಿ. 1847ರಿಂದ 1852ರವರೆಗೆ ಗೋದಾವರಿಗೆ ಧವಳೇಶ್ವರದಲ್ಲಿ ಅಣೆಕಟ್ಟು ಕಟ್ಟಿಸಿದ ಎಂಜಿನಿಯರ್. ಅದು ಸರ್ಕಾರದ ದುಡ್ಡಿನ ಕೆಲಸ. ಗೋದಾವರಿ ಮುಖಜಭೂಮಿ ಹಸಿರಾಯಿತು, ಸರ್ಕಾರದ ಕಂದಾಯವೂ ಏರಿತು. ಇದನ್ನು ನೋಡಿದ ಲಂಡನ್ನಿನ ಹೂಡಿಕೆದಾರರಿಗೆ ಭಾರತದ ನೀರಿನಲ್ಲಿ ದುಡ್ಡಿದೆ ಅನ್ನಿಸಿತು. 1858ರಲ್ಲಿ ಮದ್ರಾಸ್ ಇರಿಗೇಶನ್ ಅಂಡ್ ಕೆನಾಲ್ ಕಂಪನಿ ಹುಟ್ಟಿತು. ಕಾಟನ್ ಇಂಥ ಯೋಜನೆಗಳ ದೊಡ್ಡ ಪ್ರಚಾರಕ.

ಕಂಪನಿಯ ಕೆಲಸ ಇದು: ಸುಂಕೇಸುಲದ ಹತ್ತಿರ ತುಂಗಭದ್ರೆಗೆ ಅಡ್ಡಕಟ್ಟೆ ಹಾಕಿ, ಅಲ್ಲಿಂದ ಕಡಪಾವರೆಗೆ ಸುಮಾರು 300 ಕಿ.ಮೀ. ಕಾಲುವೆ ತೋಡೋದು. ಗದ್ದೆಗೂ ನೀರು, ದೋಣಿಗೂ ದಾರಿ. ನೆಲ ಇಳಿಜಾರಾದ ಕಡೆ ದೋಣಿ ಹೋಗೋಕೆ ಲಾಕ್ ಬೇಕು. ಲಾಕ್ ಅಂದ್ರೆ ನೀರಿನ ಲಿಫ್ಟ್ ಅಂದುಕೊಳ್ಳಿ. ಹಿಂದೊಂದು ಮುಂದೊಂದು ಬಾಗಿಲಿರುವ ಕಲ್ಲಿನ ತೊಟ್ಟಿ. ದೋಣಿ ಒಳಗೆ ಬಂದ ಮೇಲೆ ಹಿಂದಿನ ಬಾಗಿಲು ಮುಚ್ಚಿ, ನೀರು ತುಂಬಿಸಿ ಅಥವಾ ಇಳಿಸಿ, ಮುಂದಿನ ಬಾಗಿಲು ತೆರೀತಾರೆ. ಇದಕ್ಕೆ ಕಾವಲುಗಾರ ಬೇಕು, ವರ್ಷಾ ವರ್ಷ ರಿಪೇರಿ ಬೇಕು.

ಈಗ ಒಪ್ಪಂದ ನೋಡಿ. ಕಂಪನಿಯ 10 ಲಕ್ಷ ಪೌಂಡ್ ಬಂಡವಾಳಕ್ಕೆ ಸರ್ಕಾರ ಶೇಕಡ 5 ಬಡ್ಡಿಯ ಖಾತರಿ ಕೊಟ್ಟಿತು. ಕಾಲುವೆಯಲ್ಲಿ ನೀರು ಹರಿಯಲಿ ಬಿಡಲಿ, ಷೇರುದಾರನಿಗೆ ಬಡ್ಡಿ ಬರುತ್ತೆ. ಕೊಡೋದು ಎಲ್ಲಿಂದ? ಭಾರತದ ಕಂದಾಯದಿಂದ, ಅಂದ್ರೆ ಇಲ್ಲಿನ ರೈತನಿಂದ. ನಮ್ಮ ಆಫೀಸ್ ಭಾಷೆಯಲ್ಲಿ ಹೇಳೋದಾದ್ರೆ, ಪ್ರಾಜೆಕ್ಟ್ ಡೆಲಿವರಿ ಆಗದಿದ್ರೂ ವೆಂಡರ್‌ಗೆ ಪೇಮೆಂಟ್ ಗ್ಯಾರಂಟಿ. ಅಂಥ ಕಡೆ ಖರ್ಚಿನ ಮೇಲೆ ಹಿಡಿತ ಎಲ್ಲಿರುತ್ತೆ? ಅಂದಾಜು ಮೀರಿತು, ದುಡ್ಡು ಮುಗಿಯಿತು, ಸರ್ಕಾರವೇ ಮತ್ತೆ ಸಾಲ ಕೊಟ್ಟಿತು.

ಇನ್ನೊಂದು ತಪ್ಪು ಲೆಕ್ಕ ಮಣ್ಣಿನದು. ಗೋದಾವರಿ ಬಯಲಲ್ಲಿ ಭತ್ತ ಬೆಳೆಯುವವನಿಗೆ ಕಾಲುವೆ ನೀರು ಬೇಕೇ ಬೇಕು. ಕರ್ನೂಲಿನದು ಎರೆಭೂಮಿ. ಜೋಳ, ಹತ್ತಿ ಬೆಳೆಯುವ ರೈತನಿಗೆ ಮಳೆ ಸರಿಯಾಗಿ ಬಂದ ವರ್ಷ ಕಾಲುವೆ ನೀರು ಬೇಡ. ಬೇಡದ್ದಕ್ಕೆ ದರ ಯಾಕೆ ಕೊಡ್ತಾನೆ? 1876-78ರ ಬರ ಬಂದಾಗ ಮಾತ್ರ ಅದೇ ನೀರಿಗೆ ಜನ ಮುಗಿಬಿದ್ದರು. ಬರಕ್ಕೆ ಆಸರೆಯಾಗುವ ಕಾಲುವೆ ಊರಿಗೆ ಬೇಕು, ಆದರೆ ಹತ್ತು ವರ್ಷಕ್ಕೊಮ್ಮೆ ಬೇಕಾಗುವ ವಸ್ತುವಿನಿಂದ ಕಂಪನಿ ವರ್ಷಾ ವರ್ಷ ಲಾಭ ಕಾಣೋದು ಹೇಗೆ? 1882ರಲ್ಲಿ ಸರ್ಕಾರ ಇಡೀ ಕಾಲುವೆಯನ್ನ ಕೊಂಡುಕೊಂಡಿತು. ದೋಣಿ ಸಂಚಾರ 1933ರಲ್ಲಿ ನಿಂತಿತು.

ಇದೊಂದೇ ಅಲ್ಲ. ಒಡಿಶಾದಲ್ಲಿ ಕಾಲುವೆ ತೋಡಲು ಹೊರಟ ಈಸ್ಟ್ ಇಂಡಿಯಾ ಇರಿಗೇಶನ್ ಕಂಪನಿಯ ಕೆಲಸವನ್ನೂ 1866ರ ಘೋರ ಬರದ ನಂತರ, 1868ರ ಕೊನೆಗೆ ಸರ್ಕಾರ ವಹಿಸಿಕೊಂಡಿತು. ಚೆನ್ನೈನವರು ನೋಡುವ ಬಕಿಂಗ್‌ಹ್ಯಾಮ್ ಕಾಲುವೆ ಶುರುವಾದದ್ದು 1806ರಲ್ಲಿ ಬೇಸಿಲ್ ಕೊಕ್ರೇನ್ ಎಂಬ ವ್ಯಾಪಾರಿಯ ಕಾಲುವೆಯಾಗಿ. ಅದು 1837ರಲ್ಲಿ ಸರ್ಕಾರದ ಕೈಗೆ ಬಂತು.

ಹಾಗಾದ್ರೆ ಸರ್ಕಾರದ ಕೈಯಲ್ಲಿದ್ರೆ ಎಲ್ಲ ಸರಿಯಾ? ಇಲ್ಲಿ ಪ್ರಾಮಾಣಿಕವಾಗಿರಬೇಕು. ಅದೇ ತುಂಗಭದ್ರೆಗೆ ಹೊಸಪೇಟೆ ಹತ್ತಿರ ಕಟ್ಟಿದ ಅಣೆಕಟ್ಟು ಪೂರ್ತಿ ಸಾರ್ವಜನಿಕ. ಅದನ್ನ ನೋಡಿಕೊಳ್ಳೋದು 1953ರಲ್ಲಿ ರಚನೆಯಾದ ತುಂಗಭದ್ರಾ ಮಂಡಳಿ. 2024ರ ಆಗಸ್ಟ್ 10ರ ರಾತ್ರಿ, ಜಲಾಶಯ ತುಂಬಿದ್ದಾಗಲೇ, 33 ಗೇಟುಗಳಲ್ಲಿ 19ನೆಯದರ ಚೈನ್ ತುಂಡಾಗಿ ಗೇಟು ಕೊಚ್ಚಿಹೋಯಿತು. ರಾಯಚೂರು, ಬಳ್ಳಾರಿ, ಕೊಪ್ಪಳದ ರೈತರು ಎರಡನೇ ಬೆಳೆ ಹೋಯ್ತಲ್ಲಾ ಅಂತ ತಲೆ ಮೇಲೆ ಕೈ ಹೊತ್ತು ಕೂತರು. ಆ ಕಡೆಯವರು ನಮ್ಮಲ್ಲಿ ಎಷ್ಟು ಜನ ಇದ್ದೀರಿ! ವಾಟ್ಸಾಪಲ್ಲಿ ವಿಡಿಯೋ ನೋಡ್ತಾ ಆ ವಾರ ನಿದ್ದೆ ಬಂದಿರಲಿಕ್ಕಿಲ್ಲ. ಹರಿಯುವ ನೀರಿನಲ್ಲೇ ತಾತ್ಕಾಲಿಕ ಗೇಟು ಇಳಿಸಿದ ಮೇಲೆ ಉಸಿರು ಬಂತು.

ಅಂದ್ರೆ ಮಾಲೀಕ ಸರ್ಕಾರ ಅಂದ ಮಾತ್ರಕ್ಕೆ ಚೈನಿಗೆ ವಯಸ್ಸಾಗೋದು ನಿಲ್ಲಲ್ಲ. ಆದರೆ ಎರಡು ಕಥೆಗೂ ಒಂದು ವ್ಯತ್ಯಾಸ ಇದೆ. 1882ರಲ್ಲಿ ಕರ್ನೂಲಿನ ರೈತ ಲಂಡನ್ನಿನ ಷೇರುದಾರನನ್ನ ಕೇಳೋ ಹಾಗಿರಲಿಲ್ಲ. 2024ರಲ್ಲಿ ರಾಯಚೂರಿನ ರೈತ ಕೇಳಿದ, ಕೇಳಬಹುದಿತ್ತು. 2021ರ ಅಣೆಕಟ್ಟು ಸುರಕ್ಷತಾ ಕಾಯ್ದೆಯೂ ಮಾಲೀಕ ಯಾರೇ ಇರಲಿ, ತಪಾಸಣೆ ಮತ್ತು ನಿರ್ವಹಣೆಯ ಹೊಣೆ ಅವನದೇ ಅನ್ನುತ್ತೆ.

ಹಾಗಾಗಿ ನೀರಿನ ಯೋಜನೆ ಖಾಸಗಿಗೆ ಕೊಡ್ತೀವಿ ಅಂತ ಸುದ್ದಿ ಬಂದಾಗ ನಾನು ಎರಡೇ ಪ್ರಶ್ನೆ ಕೇಳ್ತೀನಿ: ನಷ್ಟ ಆದ್ರೆ ಯಾರ ಜೇಬಿಂದ? ಚೈನ್ ಹರಿದ ರಾತ್ರಿ ಯಾರಿಗೆ ಫೋನ್ ಮಾಡಬೇಕು? ಸರ್ಕಾರವೇ ನಡೆಸ್ತೀವಿ ಅಂದಾಗಲೂ ಎರಡನೇ ಪ್ರಶ್ನೆ ಬಿಡಬೇಡಿ.

ಮುಂದಿನ ಸಲ ಬಸ್ಸು ಕರ್ನೂಲು ಸೇತುವೆ ದಾಟುವಾಗ ಎಚ್ಚರ ಇದ್ರೆ ಕಿಟಕಿ ಪರದೆ ಒಂಚೂರು ಸರಿಸಿ ನೋಡಿ. ನಮ್ಮೂರ ನೀರು ಅದು. ಮತ್ತೆ ಸಿಗೋಣ.