ನಮ್ಮ ಮನ್ಯಾಗ ಕಾಫಿ ಬಂದ ಕಥಿ

ಹುಮನಾಬಾದ್ ಅಂದ್ರ ಚಹಾದ ಸೀಮೆ. 1956ರ ತನಕ ನಾವು ಹೈದರಾಬಾದ್ ರಾಜ್ಯದಾಗಿದ್ದೆವು. ಕಾಫಿ ಬೆಳೆಯುವ ಚಿಕ್ಕಮಗಳೂರು ಆಗ ನಮಗ ಬೇರೆ ರಾಜ್ಯ. ಈಗ ಅಲ್ಲಿಂದ ಬಂದ ಸೊಸಿ ದಿನಾ ಫಿಲ್ಟರಿಗೆ ಪುಡಿ ಹಾಕಿ, ಬಿಸಿನೀರು ಸುರಿದು ಡಿಕಾಕ್ಷನ್ ಇಳಿಸ್ತಾಳ. ಎಸ್ಪ್ರೆಸೊ ಯಂತ್ರ ಒತ್ತಡ ಹಾಕಿ ಅರ್ಧ ನಿಮಿಷದಾಗ ತೆಗೆಯೋ ರಸ, ಇದರಾಗ ಹನಿಹನಿಯಾಗಿ ಇಳಿತದ.

ಆ ಪುಡಿಯ ಹಿಂದಿನ ಕಥಿ ಬೀಗರು ಹೇಳಿದ್ರು. 1942ರ ಕಾಫಿ ಕಾಯ್ದೆ ಬಂದ ಮ್ಯಾಲೆ ಬೆಳೆದ ಕಾಫಿ ಬೋರ್ಡಿನ ಪೂಲಿಗೇ ಕೊಡಬೇಕಿತ್ತು. ರೊಕ್ಕ ಕಂತಿನಾಗ ಬರ್ತಿತ್ತು. 1996ಕ್ಕ ಆ ಕಟ್ಟು ಪೂರ್ತಿ ಬಿಚ್ಚಿತು. ಬೇಕಾದವರಿಗೆ ಮಾರಬಹುದಾಯ್ತು. ಆದ್ರ 2000ದ ಸುಮಾರಿಗೆ ಜಗತ್ತಿನ ದರ ಕುಸಿದಾಗ ಹಿಡಿಯೋರು ಯಾರೂ ಇರಲಿಲ್ಲ.

ತೊಗರಿ ರಾಶಿ ಮಾಡಿ ದರ ಕಾಯೋ ನನಗ ಇದನ್ನ ಬಿಡಿಸಿ ಹೇಳಬೇಕಾಗಿಲ್ಲ. ಸೊಸಿ ಕೊಟ್ಟ ಕಾಫಿ ಒಂದು ಹನಿನೂ ಬಿಡಲ್ಲ.